ಪದ್ದಕ್ಕ ಕೊಟ್ಟ ಎರಡನೇ ಅವತಾರದ ಅರ್ಜಿ

"ನಾ ಕೂಗ್ರೆ ಬಾರ್ದೇ ಇಪ್ಪವ ಈ ಮೂರು ತಾಲೂಕಗೆ ಇನ್ನೂ ಹುಟ್ಲಿಲ್ಲ," ಎಂದು ನಾವುಂದದ ಪದ್ದಕ್ಕ ಮೀನಿನ ಬುಟ್ಟಿ ಇಳಿಸಿದಲ್ಲೆಲ್ಲ ಹೇಳುತ್ತಿದ್ದಳು. ಮೂರು ತಾಲೂಕು ಅಂದರೆ ಬೈಂದೂರು, ಕುಂದಾಪುರ, ಬ್ರಹ್ಮಾವರ. ಅದರಾಚೆಯವರು ಬಾರದಿದ್ದರೆ ಅದು ಅವರ ಕಿವಿಯ ದೋಷ, ತನ್ನ ಗಂಟಲಿನದ್ದಲ್ಲ ಎಂಬುದು ಅವಳ ತೀರ್ಮಾನ.

ಮಾತಿನಲ್ಲಿ ಸುಳ್ಳು ಬಹಳವೇನೂ ಇರಲಿಲ್ಲ. ಅವಳು ತ್ರಾಸಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಬಂಗ್ಡಿ ಬಂತ್ ಬಂಗ್ಡೀ" ಎಂದು ಒಂದು ಸಲ ಎಳೆದರೆ ಮರವಂತೆಯ ಬೆಕ್ಕುಗಳು ಬಾಲ ನಿಮಿರಿಸಿ ಹೆದ್ದಾರಿಯ ಬದಿ ಹಿಡಿದು ಹೊರಡುತ್ತಿದ್ದವು. ಹೆಮ್ಮಾಡಿಯಲ್ಲಿ ಎಂಟು ದಿನದಿಂದ ಪ್ರಜ್ಞೆಯಿಲ್ಲದೆ ಮಲಗಿದ್ದ ಮುದುಕನೊಬ್ಬ ಆ ಕೂಗಿಗೆ ಎದ್ದು ಕೂತು, "ದೊಡ್ಡದಾ, ಸಣ್ಣದಾ?" ಎಂದು ಕೇಳಿ, ಸಣ್ಣದು ಎಂದು ತಿಳಿದ ಮೇಲೆ ಮತ್ತೆ ಮಲಗಿದ. ಪದ್ದಕ್ಕನ ಗಂಡ ಐತನಿಗೆ ಎಡಗಿವಿ ಕೇಳಿಸುವುದಿಲ್ಲ. ಮದುವೆಯಾದ ಮೂವತ್ತೆಂಟು ವರ್ಷದಿಂದ ಅವಳು ಅವನ ಎಡಕ್ಕೆ ಕೂತು ಊಟ ಮಾಡುತ್ತಾಳೆ. ಬೇರೆ ಕಾರಣ ಹುಡುಕಲು ಯಾವ ಡಾಕ್ಟರೂ ಬೇಕಾಗಲಿಲ್ಲ.

ಇಂಥ ಗಂಟಲಿನ ಹೆಂಗಸು ಒಂದೇ ಒಂದು ಶಬ್ದವನ್ನು ಹುಟ್ಟಿದಾರಭ್ಯ ಬಾಯಿಂದ ಹೊರಗೆ ಬಿಟ್ಟವಳಲ್ಲ. ಅದು ಕಡಲಿನಲ್ಲಿರುವ, ಬೆನ್ನ ಮೇಲೆ ಚಿಪ್ಪಿರುವ, ಚಳಿಗಾಲದಲ್ಲಿ ದಡಕ್ಕೆ ಬಂದು ಹೊಯ್ಗೆಯಲ್ಲಿ ಮೊಟ್ಟೆಯಿಟ್ಟು ಹೋಗುವ ಪ್ರಾಣಿಯ ಹೆಸರು. ನಾವು ನೀವು ಆಮೆ ಎಂದು ಸಲೀಸಾಗಿ ಹೇಳಿಬಿಡುತ್ತೇವೆ, ನಮ್ಮ ಮನೆಯವರು ಯಾರೂ ದೋಣಿಯಲ್ಲಿಲ್ಲ. ಪದ್ದಕ್ಕನ ಕೇರಿಯಲ್ಲಿ ಅದಕ್ಕೆ ಹೆಸರಿಲ್ಲ, ಅದು ದೇವರು. ಬಲೆಗೆ ಬಿದ್ದರೆ ಬಲೆ ಕೊಯ್ದಾದರೂ ಬಿಡಿಸಿ, ಹಣೆಗೆ ಕುಂಕುಮ ಇಟ್ಟು, "ತಪ್ಪಾಯ್ತ್ ಒಡೆಯಾ" ಎಂದು ನೀರಿಗೆ ಬಿಡಬೇಕು. ಗಂಡ ಕಡಲಿಗೆ ಇಳಿಯುವ ಮನೆಯಲ್ಲಿ ಹೆಂಡತಿ ಅದರ ಹೆಸರೆತ್ತಿದರೆ ದೋಣಿ ಮಗುಚುತ್ತದೆ. ಐತನ ಅಜ್ಜನ ಕಾಲದಲ್ಲಿ ಯಾರೋ ಹೆಂಗಸು ಬಾಯಿ ತಪ್ಪಿ ಹೇಳಿದ್ದಕ್ಕೆ ಬಲೆ ಅಂಗಿ ಮಗುಚಿದ ಹಾಗೆ ಒಳಗು ಹೊರಗಾಗಿ, ಭಟ್ಕಳದವರೆಗೂ ಮೀನುಗಳು ನಕ್ಕವಂತೆ. ನಕ್ಕದ್ದನ್ನು ಕಂಡವರು ಇಂದಿಗೂ ಕೇರಿಯಲ್ಲಿ ಮೂವರಿದ್ದಾರೆ. ಅವರು ಹುಟ್ಟಿದ್ದು ಆಮೇಲೆ ಎಂಬುದು ಬೇರೆ ಮಾತು.

ಹಿಂದೆ ದೇವರು ನಾವುಂದದಿಂದ ತ್ರಾಸಿಯವರೆಗೆ ಮನಸ್ಸು ಬಂದಲ್ಲಿ ಹತ್ತಿ ಬರುತ್ತಿತ್ತು. ಕಡಲ್ಕೊರೆತಕ್ಕೆಂದು ದಡದುದ್ದಕ್ಕೂ ಆನೆಗಾತ್ರದ ಕಲ್ಲು ಸುರಿದ ಮೇಲೆ ಅದಕ್ಕೆ ದಾರಿ ಉಳಿದದ್ದು ಪದ್ದಕ್ಕನ ಮನೆಯ ಎದುರಿನ ಒಂದು ಗಂಡಿ ಮಾತ್ರ. ದೋಣಿ ಎಳೆಯಲಿಕ್ಕೆಂದು ಬಿಟ್ಟ ಹದಿನೈದು ಮಾರು ಹೊಯ್ಗೆ. ದೇವರು ಅಲ್ಲಿಗೆ ಬಂತು. ಅದರ ಹಿಂದೆಯೇ ರಾಜೀವನೂ ಬಂದ.

ರಾಜೀವ ದೂರದವನಲ್ಲ, ನಾಲ್ಕು ಮನೆ ಆಚೆಯವ. ತ್ರಾಸಿ ಬೀಚಿನಲ್ಲಿ ಎಳನೀರು ಮಾರುತ್ತಾನೆ. ಅವನ ಅಪ್ಪನೂ ಕಡಲಿಗೆ ಇಳಿದವನೇ. ಆದರೆ ಮಗ ಕಡಲು ಬಿಟ್ಟು ಎಳನೀರು ಹಿಡಿದದ್ದರಿಂದ ದೇವರ ಭಯ ಅವನಿಗೆ ಬಿಟ್ಟು ಹೋಗಿತ್ತು. ಆ ಮೊಟ್ಟೆ ತಿಂದರೆ ಸೊಂಟನೋವು ಓಡಿಹೋಗುತ್ತದೆ ಎಂದು ನಂಬುವ ಗಿರಾಕಿಗಳು ಅವನಿಗೆ ಸಿಕ್ಕಿದ್ದರು. ಬೀಚಿಗೆ ಕಾರಿನಲ್ಲಿ ಬರುವವರಿಗೆ ಸೊಂಟನೋವು ಬಿಟ್ಟರೆ ಬೇರೆ ಕಾಯಿಲೆ ಇರುವುದಿಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಪದ್ದಕ್ಕ ದಡಕ್ಕೆ ಹೋದಾಗ ನೀರಿನಿಂದ ಮೇಲಕ್ಕೆ ಟ್ರ್ಯಾಕ್ಟರು ಹತ್ತಿದಂಥ ಗುರುತು. ಅದರ ತುದಿಯಲ್ಲಿ ಹೊಂಡ. ಹೊಂಡದ ಸುತ್ತ ಚಪ್ಪಲಿಯ ಅಚ್ಚು. ಒಂದೆರಡು ಒಡೆದ ಮೊಟ್ಟೆ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಪದ್ದಕ್ಕ ಅಲ್ಲೇ ಕೂತಳು. ಅತ್ತಳೋ ಇಲ್ಲವೋ ಗೊತ್ತಿಲ್ಲ, ಅವತ್ತು ನಾವುಂದದಲ್ಲಿ ಬಂಗಡೆಯ ಕೂಗು ಮಾತ್ರ ಕೇಳಿಸಲಿಲ್ಲ.

ಹೆದ್ದಾರಿಯ ಬದಿಯಲ್ಲಿ ಅರಣ್ಯ ಇಲಾಖೆಯವರು ನಿಲ್ಲಿಸಿದ ಫಲಕವೊಂದಿತ್ತು. 'ವನ್ಯಜೀವಿಗಳಿಗೆ ತೊಂದರೆಯಾದಲ್ಲಿ ಕೂಡಲೇ ಕರೆ ಮಾಡಿ.' ಕೆಳಗೆ ನಂಬರು. ಬಿಸಿಲಿಗೆ ಅದರ ಒಂದು ಅಂಕಿ ಅರ್ಧ ಹೋಗಿ, ಮೂರೋ ಎಂಟೋ ಎಂಬುದು ಓದುವವರ ಭಾಗ್ಯಕ್ಕೆ ಬಿಟ್ಟದ್ದಾಗಿತ್ತು. ಮೂರು ಎಂದು ಒತ್ತಿದರೆ ಅದು ಬ್ರಹ್ಮಾವರದ ಕಡೆಯ ಎಣ್ಣೆಗಾಣಕ್ಕೆ ಹೋಗುತ್ತಿತ್ತು. ಗಾಣದವ ಬಹಳ ಮರ್ಯಾದಸ್ಥ. ಮೂರನೇ ಸಲ ಪದ್ದಕ್ಕನ ಸ್ವರ ಕೇಳಿದಾಗ, "ಅಮ್ಮಾ, ಅವ್ರ್ ಸಿಕ್ಕದಿದ್ರೆ ನಾನೇ ಒಂದ್ ಸಲ ಬಂದ್ ಹೋಗ್ಲಾ?" ಎಂದು ಕೇಳಿದ.

ಎಂಟು ಎಂದು ಒತ್ತಿದಾಗ ಕಚೇರಿ ಸಿಕ್ಕಿತು. ಅದು ಯಾವ ಊರಿನ ಕಚೇರಿ ಎಂದು ಹೇಳುವುದು ಬೇಡ. ಕಚೇರಿಗೆ ಊರು ಇರುವುದು ಬೋರ್ಡಿನಲ್ಲಷ್ಟೆ, ಒಳಗೆ ಹೋದರೆ ಎಲ್ಲವೂ ಒಂದೇ ಊರು. ಫೋನು ಎತ್ತಿದವನು ಸುಧೀರ್ ಎಂಬ ಗುಮಾಸ್ತ. ಶಂಕರನಾರಾಯಣದ ಆಚೆಯ ಕಾಡುಬದಿಯವ, ಒಳ್ಳೆಯ ಹುಡುಗ. ಕಡಲನ್ನು ಅವನು ಬಸ್ಸಿನ ಕಿಟಕಿಯಿಂದ ನೋಡಿದ್ದ, ಅದೂ ಬಲಬದಿ ಸೀಟು ಸಿಕ್ಕಿದಾಗ.

"ಹ್ವಾಯ್, ಇಲ್ಲ್ ಕಾಣಿ, ದೇವ್ರ್ ಇಟ್ಟ್ ಹೋದದ್ದನ್ನ ಹೊಯ್ಗಿ ಬಗ್ದ್ ತಕಂಡ್ ಹೋಯ್ರ್!" ಎಂದಳು ಪದ್ದಕ್ಕ.

"ದೇವ್ರ್ ಇಟ್ಟದ್ದಾ? ಮಣ್ಣಿನಡಿಗಾ?"

"ಮತ್ತೆಲ್ಲ್ ಇಡ್ತ್? ಕಪಾಟಗಾ?"

"ಎಷ್ಟ್ ಇದ್ದಿತ್ ಅಮ್ಮಾ?"

"ನೂರ ಹದಿನೈದಕ್ಕೆ ಕಮ್ಮಿ ಇಲ್ಲ."

"ಎಂತದ್ ಅದ್?"

"ಬೆಳ್ಳಗೆ. ಉರುಟ್. ಇಷ್ಟಿಷ್ಟೇ."

ಸುಧೀರನ ಎದೆ ಹಾರಿತು. ಮಣ್ಣಿನಡಿ, ದೇವರು ಇಟ್ಟದ್ದು, ಬೆಳ್ಳಗೆ, ಉರುಟು, ನೂರ ಹದಿನೈದು. ಅವನು ಫೋನಿಟ್ಟವನೇ ಪೊಲೀಸರಿಗೆ ತಿಳಿಸಿದ. ನಾವುಂದದ ಕಡಲದಡದಲ್ಲಿ ಬೆಳ್ಳಿ ನಾಣ್ಯದ ನಿಧಿ, ದೇವಸ್ಥಾನದ್ದಿರಬೇಕು, ಕಳವಾಗಿದೆ.

ನಿಧಿ ಅಂದರೆ ಯಾವ ಇಲಾಖೆಗೂ ಚಕ್ರ ಮೂಡುತ್ತದೆ. ಮುಕ್ಕಾಲು ಗಂಟೆಯಲ್ಲಿ ಜೀಪು ಬಂತು. ಮುಖ್ಯಪೇದೆ ಹೊಂಡದ ಸುತ್ತ ಹಗ್ಗ ಕಟ್ಟಿಸಿ, ವಿಗ್ರಹವೂ ಇತ್ತೇ, ಪಂಚಲೋಹವೋ ಕಲ್ಲೋ, ದೇವರ ಎತ್ತರ ಎಷ್ಟು ಎಂದೆಲ್ಲ ಬರೆದುಕೊಂಡ. ಪದ್ದಕ್ಕ ಎರಡು ಕೈ ಅಗಲಿಸಿ, "ಎತ್ರ ಇಲ್ಲ, ಅಗಲ ಇಷ್ಟ್. ಆಚೀಚೆ ಕೈ, ಈಜುಕೆ," ಎಂದಾಗ ಅವನ ಪೆನ್ನು ನಿಂತಿತು. ಹೊಂಡದಲ್ಲಿದ್ದ ಒಡೆದ ಮೊಟ್ಟೆಯನ್ನು ಲಾಠಿಯ ತುದಿಯಿಂದ ಮುಟ್ಟಿ ನೋಡಿದ. ಹಗ್ಗ ಬಿಚ್ಚಿಸಿದ.

"ಇದ್ ನಮ್ದಲ್ಲ ಅಮ್ಮಾ, ಅರಣ್ಯದವರ್ದ್."

"ಅವ್ರೇ ಅಲ್ದಾ ನಿಮ್ಮನ್ ಕಳ್ಸದ್ದ್?"

"ಹೌದ್. ನಾವ್ ಈಗ ಅವ್ರಿಗೆ ಬರೀತ್," ಎಂದ ಅವನು. ಬರೆದನೋ ಇಲ್ಲವೋ ಅವನ ದೇವರಿಗೇ ಗೊತ್ತು.

ಸಂಕ್ರಾಂತಿ ಕಳೆದ ಮಾರನೆಯ ಬೆಳಿಗ್ಗೆ ಗಂಡಿಯಲ್ಲಿ ಮತ್ತೆ ಟ್ರ್ಯಾಕ್ಟರಿನ ಗುರುತು ಬಿದ್ದಿತ್ತು. ಈ ಸಲ ಪದ್ದಕ್ಕ ರಾಜೀವನಿಗಿಂತ ಅರ್ಧ ಗಂಟೆ ಮೊದಲು ಎದ್ದಿದ್ದಳು. ಗುರುತನ್ನೆಲ್ಲ ತೆಂಗಿನ ಗರಿಯಿಂದ ಗುಡಿಸಿ ಅಳಿಸಿದಳು. ಮೊಟ್ಟೆಯಿದ್ದ ಜಾಗದ ಮೇಲೆ ಐತನ ಹಳೇ ಬಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಳು. ಐವತ್ತು ದಿನ. ಐವತ್ತು ದಿನ ಇದನ್ನು ಯಾರೂ ಮುಟ್ಟದಿದ್ದರೆ ನೂರು ಮರಿ ಕಡಲು ಸೇರುತ್ತವೆ. ನಾಲ್ಕು ವರ್ಷದಿಂದ ಆ ಗಂಡಿಯಿಂದ ಒಂದೇ ಒಂದು ಮರಿ ನೀರಿಗೆ ಇಳಿದದ್ದನ್ನು ಅವಳು ಕಂಡಿರಲಿಲ್ಲ. ಇದೊಂದನ್ನಾದರೂ ನೀರಿಗೆ ಮುಟ್ಟಿಸಬೇಕು ಎಂದು ಅವಳು ಕೊರಳಿನ ಕರಿಮಣಿ ಮುಟ್ಟಿ ಹೇಳಿಕೊಂಡಳು.

ರಾಜೀವ ಎಳನೀರಿನ ಗಾಡಿ ತಳ್ಳಿಕೊಂಡು ಹೋಗುವವನು ನಿಂತ. ಬಲೆ ನೋಡಿದ. ಪದ್ದಕ್ಕನನ್ನು ನೋಡಿದ.

"ಎಂತ ಪದ್ದಕ್ಕ, ಬಲಿ ಒಣ್ಗ್‌ಸುದಾ?"

"ಹೌದಾ. ನಿನ್ ತಲಿ ಮೇಲ್ ಹಾಕುಕೆ ಒಣ್ಗ್‌ಸುದ್."

"ಒಣ್ಗ್ಲಿ, ಒಣ್ಗ್ಲಿ. ನೀವಾರೂ ಎಷ್ಟ್ ದಿನ ಅಂದೇಳಿ ಕೂಕಂತ್ರಿ? ವ್ಯಾಪಾರ ಬ್ಯಾಡ್ದಾ? ನಂಗೆಂತ ಅವಸರ ಇಲ್ಲ," ಎಂದು ನಕ್ಕು ಗಾಡಿ ತಳ್ಳಿದ. ಒರಟಾಗಿ ಒಂದು ಮಾತಾಡಿದವನಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ಫೋನಿನಲ್ಲಿ ಹೇಳಿದರೆ ಬೆಳ್ಳಿಯಾಗುತ್ತದೆ ಎಂದು ಪದ್ದಕ್ಕ ಬುಟ್ಟಿ ಮನೆಯಲ್ಲಿಟ್ಟು, ಐತನನ್ನು ಬಲೆಯ ಕಾವಲಿಗೆ ಕೂರಿಸಿ, ಬಸ್ಸು ಹತ್ತಿ ಕಚೇರಿಗೇ ಹೋದಳು. ಸುಧೀರ್ ಕುರ್ಚಿ ಕೊಟ್ಟ. ಫಾರಮ್ ತೆಗೆದ.

"ಪ್ರಾಣಿಯ ಹೆಸ್ರ್?"

ಪದ್ದಕ್ಕ ಮನೆಗೆ ಹೋದ ಮೇಲೆ ಐತ ದೋಣಿ ಇಳಿಸುವವನಿದ್ದ.

"ಹೆಸ್ರ್ ಹೇಳುಕಾಗ. ನೀವೇ ಅಂದಾಜ್ ಮಾಡ್ಕಣಿ," ಎಂದು ಕುತ್ತಿಗೆಯನ್ನು ಹೊರಗೆ ಚಾಚಿ ಒಳಗೆ ಎಳೆದುಕೊಂಡಳು. ಎರಡೂ ಕೈಯಲ್ಲಿ ಗಾಳಿ ತಳ್ಳಿದಳು. ಅತ್ತಿತ್ತ ಮೇಜಿನವರು ಕೆಲಸ ನಿಲ್ಲಿಸಿದರು. ಹತ್ತು ವರ್ಷದಲ್ಲಿ ಅಲ್ಲಿ ನಿಲ್ಲಿಸುವಷ್ಟು ಕೆಲಸ ನಡೆದದ್ದು ಅದೇ ಮೊದಲು.

"ಹದ್ದಾ?"

"ಹದ್ದಲ್ಲ ಮಾರಾಯ್ರೆ. ಈಗ ವಿಷ್ಣು ದೇವ್ರ್ ಇತ್ತಲ್ದಾ? ಅದ್ರ ಎರಡ್ನೇ ಅವತಾರ."

ಸುಧೀರ್ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಬೆರಳು ಮಡಚಿದ. ಮೊದಲನೆಯದು ಮೀನು. ಅದು ಮೀನುಗಾರಿಕೆ ಇಲಾಖೆಗೆ ಸೇರಿದ್ದು, ತಮಗೆ ಬರುವುದಿಲ್ಲ ಎಂದು ಆ ಬೆರಳನ್ನು ಬಿಟ್ಟುಬಿಟ್ಟ. ಅಲ್ಲಿಂದ ಮುಂದೆ ಎಣಿಸಿ ಎರಡನೆಯದಕ್ಕೆ ಬಂದಾಗ ಅವನ ಮುಖ ಅರಳಿತು. ಕಾಡುಬದಿಯವನಿಗೆ ಎಲ್ಲಕ್ಕಿಂತ ಗುರುತಿನ ಅವತಾರ ಅದು.

"ಗೊತ್ತಾಯ್ತ್ ಅಮ್ಮಾ! ನಮ್ಮೂರಗೂ ಅದ್ರದ್ದೇ ಉಪದ್ರ. ರಾತ್ರಿ ಬಂದ್ ಗದ್ದಿ ಎಲ್ಲಾ ಬಗ್ದ್ ಹಾಕತ್."

"ಗದ್ದಿಗ್ ಬತ್ತಿಲ್ಲೆ. ಹೊಯ್ಗಿಗ್ ಮಾತ್ರ."

"ಅದಕ್ಕೆ ಗದ್ದಿ ಎಂತ, ಹೊಯ್ಗಿ ಎಂತ. ಎಲ್ಲಿಗಾರೂ ಬತ್ತ್," ಎಂದು ಅವನು ಚಂದದ ಅಕ್ಷರದಲ್ಲಿ ತುಂಬಿಸಿದ. ಪದ್ದಕ್ಕನಿಗೆ ಅಂಕಿ ಬಿಟ್ಟರೆ ಓದಲು ಬಾರದು, ಸಹಿ ಬರುತ್ತದೆ. ಸಹಿ ಹಾಕಿದಳು. ಹೆಸರು ಹೇಳದೆ ಕೆಲಸವಾಯಿತಲ್ಲ ಎಂದು ಬರುವಾಗ ಬಸ್ಸಿನ ಕಂಡಕ್ಟರನಿಗೆ ಕೇಳದೆಯೇ ಇಡೀ ಕತೆ ಹೇಳಿದಳು.

ಹದಿನೇಳನೆಯ ದಿನ ಕಚೇರಿಯಿಂದ ಕಾಗದ ಬಂತು. ಓದಿದವಳು ಪಕ್ಕದ ಮನೆಯ ರತ್ನ, ಆಶಾ ಕಾರ್ಯಕರ್ತೆ. 'ತಮ್ಮ ಜಮೀನಿನಲ್ಲಿ ಕಾಡುಹಂದಿಯಿಂದ ಉಂಟಾದ ಬೆಳೆಹಾನಿಯ ಕುರಿತು ತಾವು ಸಲ್ಲಿಸಿದ ಅರ್ಜಿಗೆ ಸಂಬಂಧಿಸಿದಂತೆ, ಪಹಣಿ ಪತ್ರ ಹಾಗೂ ಹಾನಿಯಾದ ಬೆಳೆಯ ಛಾಯಾಚಿತ್ರ ಲಗತ್ತಿಸುವುದು.'

ರತ್ನ ಕಾಗದ ಮಡಚಿ, "ಪದ್ದಕ್ಕ, ನಿಮ್ಗೆ ಕಡ್ಲಗೆ ಎಷ್ಟ್ ಎಕ್ರೆ ಇತ್ತ್?" ಎಂದು ಕೇಳಿದಳು.

ಪದ್ದಕ್ಕ ನಗಲಿಲ್ಲ. ಸಂಜೆ ಐತ ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ಅವಳು ಬಂದು ಈ ಸಲ ಅವನ ಬಲಕ್ಕೆ ಕೂತಳು, ಕೇಳಿಸುವ ಕಿವಿಯ ಬದಿಗೆ.

"ಹ್ವಾಯ್. ನಾ ಹೆಸ್ರ್ ಹೇಳ್ತೆ. ಹೇಳ್ದೆ ಅವ್ರಿಗೆ ತಿಳೂದಿಲ್ಲ."

ಐತ ಮೂರು ಕಣ್ಣು ಹೆಣೆದ. ನಾಲ್ಕನೆಯದರಲ್ಲಿ ದಾರ ಸಿಕ್ಕಿಕೊಂಡಿತು. ಅರವತ್ತೈದು ವರ್ಷದ ಗಂಡಸು, ಕಡಲಲ್ಲಿ ಎರಡು ಸಲ ಮಗುಚಿ ಬದುಕಿ ಬಂದವ.

"ಯಾವಾಗ್ ಹೇಳುದ್?"

"ನಾಳಿಗೆ."

"ಹಾಂಗಾರೆ ನಾಳಿಗ್ ನಾ ಇಳೂದಿಲ್ಲ. ನೀ ಹೇಳಿಯೇ ಬಾ," ಎಂದ. ಸಿಕ್ಕಿಕೊಂಡ ದಾರ ಬಿಡಿಸುತ್ತ, "ಸಣ್ಣಕ್ ಹೇಳ್, ಆತ್ತಾ?" ಎಂದ.

ಅದೊಂದು ಅವಳ ಕೈಲಾಗದ ಕೆಲಸ. ಮಾರನೆಯ ದಿನ ಕಚೇರಿಯ ನಡುವೆ ನಿಂತು, ಕಣ್ಣು ಮುಚ್ಚಿ, ಅರವತ್ತೆರಡು ವರ್ಷ ಗಂಟಲಲ್ಲಿ ಹಿಡಿದಿಟ್ಟದ್ದನ್ನು ಪದ್ದಕ್ಕ ಬಿಟ್ಟಳು.

"ಆಮೀ!"

ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಹೋಯಿತು. ಕಪಾಟಿನ ಮೇಲಿಂದ ಎಂಬತ್ತೆರಡನೇ ಇಸವಿಯ ಫೈಲೊಂದು ತಾನಾಗಿ ಕೆಳಗಿಳಿಯಿತು. ಒಳಕೋಣೆಯಿಂದ ಅಧಿಕಾರಿ ರಾಜೇಂದ್ರ ಹೊರಗೆ ಬಂದರು. ಘಟ್ಟದ ಮೇಲಿನವರು, ಮಾತು ಮೃದು.

"ಕಡಲಾಮೆನಾ? ಅಯ್ಯೋ ಮೊದಲೇ ಹೇಳಬಾರದಾ ಅಮ್ಮಾ! ಅದು ಒಂದನೇ ಪಟ್ಟಿಯ ಪ್ರಾಣಿ. ಕಾನೂನಲ್ಲಿ ಹುಲಿಗೆ ಎಷ್ಟು ಮರ್ಯಾದೆಯೋ ಅದಕ್ಕೂ ಅಷ್ಟೆ."

ಪದ್ದಕ್ಕನ ಕಣ್ಣು ತುಂಬಿತು. "ಹಾಂಗಾರೆ ಈಗ್ಳೇ ಬನ್ನಿ ಸಾರ್. ಒಂದ್ ಬೇಲಿ ಹಾಕಿ, ಒಬ್ಬನ್ನ ಕೂರ್ಸಿ. ಇನ್ ಮೂವತ್ತೆರಡ್ ದಿನ. ರಾಜೀವ ಅಂದೇಳಿ ಒಬ್ಬ ಇದ್ದ, ಅವನಿಗೂ ಎರಡ್ ಮಾತ್ ಹೇಳಿ."

"ಬರದೆ ಇರ್ತೀವಾ? ಇವತ್ತು ಜೀಪು ಮೇಲೆ ಹೋಗಿದೆ, ಬಾವಿಗೆ ಚಿರತೆ ಬಿದ್ದಿದೆ. ನಾಳೆ ಬರ್ತೀವಿ."

ಆ ನಾಳೆಯನ್ನು ಉದ್ದಕ್ಕೆ ಎಳೆದು ಹಾಸಿದ್ದರೆ ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಗೆ ಡಾಮರು ಬೇಕಾಗುತ್ತಿರಲಿಲ್ಲ. ಪದ್ದಕ್ಕ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಫೋನು ಮಾಡಿದಳು. ಚಿರತೆಯನ್ನು ಮೇಲೆತ್ತಿದ ಮೇಲೆ ಜೀಪಿನ ಟಯರು ಹೋಯಿತು. ಟಯರು ಬಂದ ಮೇಲೆ ಡ್ರೈವರನ ಮಾವ ತೀರಿಕೊಂಡ. ಆಮೇಲೆ ಒಂದು ಮುಖ್ಯ ಪ್ರಶ್ನೆ ಎದ್ದಿತು: ಭರತದ ನೀರು ಮುಟ್ಟುವ ಗೆರೆಯಿಂದ ಒಳಗಿನದ್ದು ತಮ್ಮದು, ಹೊರಗಿನದ್ದು ಬೇರೆಯವರದು, ಮೊಟ್ಟೆ ಇರುವುದು ಎಲ್ಲಿ? ಪದ್ದಕ್ಕ ಹೆಜ್ಜೆ ಹಾಕಿ ಅಳೆದು ಹೇಳಿದಳು. ಹೆಜ್ಜೆ ಅಳತೆಯಲ್ಲ, ಟೇಪು ತರುತ್ತೇವೆ ಎಂದರು. ಅವಳು ಕೂಗಿದರೆ ಬೆಕ್ಕು ಬರುತ್ತಿತ್ತು, ಗಿರಾಕಿ ಬರುತ್ತಿದ್ದ, ತಪ್ಪಿ ಪೊಲೀಸರೂ ಬಂದಿದ್ದರು, ಎಣ್ಣೆಗಾಣದವನು ಇಂದಿಗೂ ಬರಲು ತಯಾರಿದ್ದ. ಬರಬೇಕಾದವರು ಮಾತ್ರ ಬರಲಿಲ್ಲ. ಮೂರು ತಾಲೂಕಿನ ಮಾತು ಅವಳ ಬಾಯಲ್ಲಿ ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ. ಐತ ಗಮನಿಸಿದ. ಎಡಗಿವಿಗೂ ಆ ಮೌನ ಕೇಳಿಸಿತು.

ಐತ ಎಂಟು ದಿನ ಕಡಲಿಗೆ ಇಳಿಯಲಿಲ್ಲ. ಒಂಬತ್ತನೆಯ ದಿನ ಇಳಿದ. ದೋಣಿ ಮಗುಚಲಿಲ್ಲ, ಬಲೆ ಮಾತ್ರ ಖಾಲಿ ಬಂತು. ಹೆಸರು ಹೇಳಿದ ಪಾಪಕ್ಕೋ, ಆಚೆ ತಳ ಬಳಿದುಕೊಂಡು ಹೋಗುವ ದೊಡ್ಡ ಬೋಟುಗಳ ಪುಣ್ಯಕ್ಕೋ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಸರದಿಯಲ್ಲಿ ಕೂತು ಕಾದರು. ಅವನು ಬೆಳಗಿನದ್ದು, ಅವಳು ಮಧ್ಯಾಹ್ನದ್ದು, ಆಮೇಲೆ ಇಬ್ಬರೂ. ಮೀನಿನ ಬುಟ್ಟಿ ಒಣಗಿ ಒಡೆಯಿತು. ನಾಯಿಗಳನ್ನು ಓಡಿಸಿದರು, ಕಾಗೆ ಓಡಿಸಿದರು. ರಾಜೀವ ದಿನಾ ಹೋಗುವಾಗ ಬರುವಾಗ, "ಇತ್ತಾ ಪದ್ದಕ್ಕ, ಕುಶಲಾ?" ಎಂದು ವಿಚಾರಿಸಿದ.

ನಲವತ್ತಾರನೆಯ ದಿನ ಕಾಗದ ಬಂತು. ರತ್ನ ಓದಿದಳು. 'ಸದರಿ ದೂರಿನ ಬಗ್ಗೆ ಹೇಳಿಕೆ ನೀಡಲು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸಾಕ್ಷಿ ಸಮೇತ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ದೂರಿನಲ್ಲಿ ಹುರುಳಿಲ್ಲವೆಂದು ಭಾವಿಸಲಾಗುವುದು.'

"ಸಾಕ್ಷಿ ಅಂದ್ರೆ ಯಾರ್?" ಎಂದಳು ಪದ್ದಕ್ಕ.

"ಐತಣ್ಣನೇ. ಮತ್ಯಾರ್ ಕಂಡಿದ್ರ್? ನಂಗೆ ನಾಳಿಗೆ ಪೋಲಿಯೊ ಡ್ಯೂಟಿ, ಇಲ್ದಿದ್ರೆ ನಾ ಇಲ್ಲ್ ಕೂಕಂತಿದ್ದೆ," ಎಂದಳು ರತ್ನ.

ಇನ್ನು ನಾಲ್ಕು ದಿನ. ಒಂದು ಹಗಲಿನ ಮಟ್ಟಿಗೆ ಏನಾಗುತ್ತದೆ, ಹೇಳಿಕೆ ಕೊಟ್ಟರೆ ಸಂಜೆ ಜೀಪಿನಲ್ಲೇ ಜೊತೆಗೆ ಬರಬಹುದು ಎಂದು ಲೆಕ್ಕ ಹಾಕಿ ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಬಸ್ಸು ಹತ್ತಿದರು. ಬಲೆಯ ಮೂಲೆಗೆ ಇನ್ನೆರಡು ಕಲ್ಲು ಹೆಚ್ಚಿಗೆ ಇಟ್ಟೇ ಹೊರಟದ್ದು.

ಹತ್ತು ಗಂಟೆಗೆ ರಾಜೇಂದ್ರ ಇರಲಿಲ್ಲ. ಒಂದಕ್ಕೂ ಇರಲಿಲ್ಲ. ಸುಧೀರ್ ಚಾ ತರಿಸಿಕೊಟ್ಟು, ಸ್ವಲ್ಪ ನಾಚಿಕೊಂಡು ಹೇಳಿದ: "ಸಾಹೇಬ್ರಿಗೆ ಇವತ್ತ್ ದೊಡ್ಡ್ ಹೋಟ್ಲಗೆ ತರಬೇತಿ ಅಮ್ಮಾ. ಸಂಜಿಯೊಳ್ಗೆ ಬತ್ರ್."

"ಎಂತ ತರಬೇತಿ?"

"ಕಡಲಾಮಿ ರಕ್ಷಣಿ ಬಗ್ಗೆ."

ಐತ ಗ್ಲಾಸು ಕೆಳಗಿಟ್ಟ. ಮೂರೂವರೆಗೆ ಫೋನಿನಲ್ಲೇ ಅಪ್ಪಣೆಯಾಗಿ, ಸುಧೀರನೇ ಹೇಳಿಕೆ ಬರೆದುಕೊಂಡ. ಹೆಸರು, ವಯಸ್ಸು, ಕಸುಬು, ಆಮೆಯನ್ನು ತಾವು ಸ್ವತಃ ಕಂಡಿರಾ, ಆಮೆಯೇ ಎಂದು ಹೇಗೆ ಹೇಳುತ್ತೀರಿ. ಆ ಶಬ್ದವನ್ನು ಐತನ ಎದುರಿನಲ್ಲೇ ಅವಳು ಹನ್ನೊಂದು ಸಲ ಹೇಳಬೇಕಾಯಿತು.

ಅವರು ದಡಕ್ಕೆ ಬಂದಾಗ ಬಿಸಿಲು ಇನ್ನೂ ಇತ್ತು. ಬಲೆಯನ್ನು ಹರಿದಿರಲಿಲ್ಲ. ನಾಲ್ಕು ಮಡಿಕೆ ಮಡಚಿ, ಕಲ್ಲಿನ ಮೇಲೆ ನೀಟಾಗಿ ಇಟ್ಟದ್ದಾಗಿತ್ತು. ಎಷ್ಟಾದರೂ ಕಡಲಿಗೆ ಇಳಿದವನ ಮಗ, ಬಲೆಯ ಬೆಲೆ ಗೊತ್ತು. ಹೊಂಡ ಬಾಯಿ ತೆರೆದಿತ್ತು. ನಲವತ್ತೇಳು ದಿನದ ಮೊಟ್ಟೆ ತಿನ್ನಲು ಬರುವುದಿಲ್ಲ, ಒಳಗೆ ಮರಿ ಕಟ್ಟಿರುತ್ತದೆ. ಅದು ರಾಜೀವನಿಗೆ ಒಡೆದ ಮೇಲೆ ಗೊತ್ತಾಗಿರಬೇಕು. ಒಂದು ಒಡೆದು, ಇದಲ್ಲದಿದ್ದರೆ ಇನ್ನೊಂದು ಎಂದು ಎಲ್ಲವನ್ನೂ ಒಡೆದು ನೋಡಿ, ಯಾವುದೂ ಸೊಂಟಕ್ಕೆ ಆಗದು ಎಂದು ಅಲ್ಲೇ ಎಸೆದು ಹೋಗಿದ್ದ. ಕಾಗೆ, ನಾಯಿ ತಮ್ಮ ಪಾಲು ಮುಗಿಸಿದ್ದವು. ಉಳಿದ ಚಿಪ್ಪುಗಳನ್ನು ಏರುನೀರು ಒಂದೊಂದಾಗಿ ಎಳೆದುಕೊಳ್ಳುತ್ತಿತ್ತು.

ಹೊಂಡದ ತಳದಲ್ಲಿ ಒಂದು ಮರಿ ಸಿಕ್ಕಿತು. ಹೆಬ್ಬೆರಳಿನಷ್ಟು. ಕೈಕಾಲು, ಚಿಪ್ಪು, ಕಣ್ಣು ಎಲ್ಲ ಆಗಿತ್ತು, ಜೀವ ಇರಲಿಲ್ಲ. ಪದ್ದಕ್ಕ ಮನೆಯಿಂದ ಕುಂಕುಮ ತಂದಳು. ಇಬ್ಬರೂ ಮೊಣಕಾಲು ನೀರಿಗೆ ಇಳಿದು ಅದನ್ನು ಬಿಟ್ಟರು. "ತಪ್ಪಾಯ್ತ್ ಒಡೆಯಾ," ಎಂದ ಐತ. ಪದ್ದಕ್ಕ ಬಾಯಿ ತೆರೆದಳು. ಮೂರು ತಾಲೂಕಿನ ಗಂಟಲಿನಿಂದ ಒಂದಕ್ಷರ ಹೊರಗೆ ಬರಲಿಲ್ಲ.

ಮಾರನೆಯ ದಿನ ಜೀಪು ಬಂತು. ರಾಜೇಂದ್ರ, ಸುಧೀರ್, ಇಬ್ಬರು ಗಾರ್ಡುಗಳು, ಟೇಪು, ಕ್ಯಾಮರಾ, ಕಬ್ಬಿಣದ ಬೇಲಿ ಕೂಡ ತಂದಿದ್ದರು. ತರಬೇತಿಯಲ್ಲಿ ಕೊಟ್ಟ ಟೋಪಿ ರಾಜೇಂದ್ರರ ತಲೆಯ ಮೇಲಿತ್ತು, ಟೋಪಿಯ ಮೇಲೆ ನಗುವ ಆಮೆ. ಖಾಲಿ ಹೊಂಡವನ್ನು ನಾಲ್ಕು ದಿಕ್ಕಿನಿಂದ ಅಳೆದರು. ಭರತದ ಗೆರೆಯಿಂದ ಒಳಗೇ ಇತ್ತು, ಇಲಾಖೆಗೇ ಸೇರಿದ್ದು. ಅದು ಮಾತ್ರ ನಿಸ್ಸಂಶಯವಾಗಿ ತೀರ್ಮಾನವಾಯಿತು. ಕೇರಿಯವರು ಸೇರಿದರು. ಬಿಸಿಲಿಗೆ ಬಂದ ಸಾಹೇಬರಿಗೆ ಎಂದು ರಾಜೀವ ಗಾಡಿ ತಂದು ನಿಲ್ಲಿಸಿ, ಎಳೆ ತಿರುಳಿನ ಒಳ್ಳೆಯ ಗಂಜಿಬೊಂಡ ನೋಡಿ ಕೆತ್ತಿಕೊಟ್ಟ.

"ಮೊಟ್ಟೆಯ ಚೂರೋ, ಮರಿಯೋ, ಏನಾದರೂ ಇಟ್ಟಿದ್ದೀರಾ ಅಮ್ಮಾ? ಸಾಕ್ಷ್ಯ ಬೇಕಲ್ಲ."

"ಒಂದ್ ಮರಿ ಸಿಕ್ಕಿತ್ ಸಾರ್. ಕುಂಕ್ಮ ಹಾಕಿ ನೀರಿಗ್ ಬಿಟ್ಟಿತ್."

"ಇದ್ದ ಒಂದು ಸಾಕ್ಷ್ಯವನ್ನೂ ಸಮುದ್ರಕ್ಕೆ ಹಾಕಿದಿರಾ?" ರಾಜೇಂದ್ರರಿಗೆ ನಿಜವಾಗಿಯೂ ಬೇಸರವಾಯಿತು. "ಹೋಗಲಿ, ಅಗೆದದ್ದನ್ನು ಕಣ್ಣಾರೆ ಕಂಡವರು?"

"ಕಾಂಬ ಇಬ್ರೂ ನಿನ್ನೆ ನಿಮ್ಮ್ ಆಪೀಸಗೇ ಅಲ್ದಾ ಕೂತಿದ್ದದ್ದ್," ಎಂದ ಐತ. ಇಡೀ ಪ್ರಕರಣದಲ್ಲಿ ಇಲಾಖೆಯ ಎದುರು ಅವನು ಆಡಿದ್ದು ಅದೊಂದೇ ಮಾತು.

ರಾಜೇಂದ್ರ ಎಳನೀರು ಮುಗಿಸಿ, ಸುಧೀರನಿಗೆ ಬರೆಯಲು ಹೇಳಿದರು. ಸುಧೀರ್ ಬರೆದು, ತಲೆ ಎತ್ತದೆ ಓದಿದ: ಸ್ಥಳ ತನಿಖೆ ಮಾಡಲಾಗಿ ಯಾವುದೇ ವನ್ಯಜೀವಿಯಾಗಲೀ ಅದರ ಅವಶೇಷವಾಗಲೀ ಕಂಡುಬಂದಿರುವುದಿಲ್ಲ. ಆದುದರಿಂದ ದೂರುದಾರರ ಒಪ್ಪಿಗೆಯ ಮೇರೆಗೆ ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.

"ಇಲ್ಲೊಂದು ಸಹಿ ಹಾಕಿ ಅಮ್ಮಾ," ಎಂದು ಪೆನ್ನು ಕೊಟ್ಟ.

ಪದ್ದಕ್ಕ ಪೆನ್ನು ಹಿಡಿದು ನಿಂತಳು. "ವಿಲೇವಾರಿ ಅಂದ್ರೆ ಎಂತ?"

"ಅಂದ್ರೆ... ಕೆಲ್ಸ ಮುಗೀತ್ ಅಂದೇಳಿ. ಇನ್ನೆಂತ ಒಳೀಲಿಲ್ಲ, ಎಲ್ಲಾ ಖಾಲಿ."

ಪದ್ದಕ್ಕ ಪೆನ್ನನ್ನು ಎಳನೀರಿನ ಗಾಡಿಯ ಮೇಲೆ, ರಾಜೀವನ ಕತ್ತಿಯ ಪಕ್ಕ ಇಟ್ಟಳು.

"ಹಾಂಗಾರೆ ಸೈನ್ ಇವ್ನ ಹತ್ರ ಹಾಕ್ಸ್ಕಣಿ ಮಾರಾಯ್ರೆ. ವಿಲೇವಾರಿ ಮಾಡ್ದವ ಇಂವ. ನೀವ್ ಬರೀ ಬರ್ಕಂಡದ್ದ್."